ಮೂರು ಲಕ್ಷದ ತಂತಿ

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಒಂದು ಜೊತೆ ತಂತಿಗೆ 7,250 ಡಾಲರ್! 2007ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿದ್ದ ಪಿಯರ್ ಕಂಪನಿಯ ‘ಆಂಜೂ’ ಕೇಬಲ್ಲಿನ ಬೆಲೆ ಇದು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಲಕ್ಷ ರೂಪಾಯಿ. ನಮ್ಮಂಥ ಪಿಂಚಣಿದಾರರ ಎದೆ ಧಸಕ್ಕೆನ್ನುವ ಮೊತ್ತ.

ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರಿದ್ದರು. ಪವಾಡ ಮಾಡುತ್ತೇವೆ ಎನ್ನುವವರ ಕೈಚಳಕ ಬಯಲು ಮಾಡುವುದರಲ್ಲಿ ನಿಸ್ಸೀಮರು. ಈ ತಂತಿಗೂ ಸಾಧಾರಣ ಒಳ್ಳೆಯ ತಂತಿಗೂ ಇರುವ ವ್ಯತ್ಯಾಸವನ್ನು ಬರೀ ಕಿವಿಯಿಂದ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಅವರು ಸವಾಲು ಹಾಕಿದರು. ಒಬ್ಬ ವಿಮರ್ಶಕರು ಒಪ್ಪಿಯೂ ಒಪ್ಪಿದರು. ಆದರೆ ಕಂಪನಿ ತಂತಿ ಕೊಡದೆ ಹಿಂದೆ ಸರಿಯಿತು!

ಬ್ಯಾಂಕಿನಲ್ಲಿ ನೋಟಿನ ಕಟ್ಟಿನ ಮೇಲೆ ನೂರು ಎಂದು ಚೀಟಿ ಇದ್ದರೂ ನಾನು ಎಣಿಸಿಯೇ ತೆಗೆದುಕೊಳ್ಳುತ್ತಿದ್ದೆ. ತಂತಿಯ ಕೆಲಸ ವಿದ್ಯುತ್ತನ್ನು ಹೆಚ್ಚು ತಡೆಯಿಲ್ಲದೆ ಸಾಗಿಸುವುದು. ಮನೆಯೊಳಗಿನ ನಾಲ್ಕಾರು ಮೀಟರಿಗೆ ಸಾಕಷ್ಟು ದಪ್ಪದ ತಾಮ್ರದ ತಂತಿ ಧಾರಾಳವಾಯಿತು.

ಮಕ್ಕಳೇ, ಅನುಮಾನವಿದ್ದರೆ ಎಣಿಸಿ ನೋಡಿ. ಅಡ್ಡಕ್ಕೆ ದುಪ್ಪಟಿ ಕಟ್ಟಿ ತಾತ ಒಳಗೆ ಕೂರಲಿ. ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಿದ್ದ ಮುಖ ನೋಡಿ, ಸ್ವಿಚ್ ಆರಿಸಿ ತಂತಿ ಜೋಡಿಸಲಿ. ಹಾಡು ಅದೇ ಇರಲಿ, ವಾಲ್ಯೂಮ್ ಒಂದು ಕೂದಲೂ ಬದಲಾಗದಿರಲಿ. ತುಸು ಜೋರಾದದ್ದೇ ಇಂಪು ಎನಿಸುವುದು ಕಿವಿಯ ಸ್ವಭಾವ. ಹತ್ತು ಸಲದಲ್ಲಿ ಐದು ಸರಿಯಾದರೆ ಅದು ಬರೀ ಊಹೆ. ಊಹೆಯಿಂದಲೇ ಹತ್ತೂ ಸರಿಯಾಗುವ ಸಂಭವ 1,024ರಲ್ಲಿ ಒಂದು.

ಕೇಳುವ ಕೆಲಸ ಮಾತ್ರ ಮೊಮ್ಮಕ್ಕಳಿಗೇ ಇರಲಿ. ಎಳೆಯ ಕಿವಿಗೆ 20,000 ಹರ್ಟ್ಸ್‌ವರೆಗಿನ ಕೀಚಲು ಸ್ವರವೂ ಕೇಳಬಹುದು. ನಮ್ಮ ಕಿವಿ ಅದಕ್ಕಿಂತ ಬಹಳ ಕೆಳಗೇ ನಿಂತುಬಿಡುತ್ತದೆ.