ಮೋಡವಿಲ್ಲದ ರಾತ್ರಿಗಳ ಚಳಿ

ಪುಷ್ಯಮಾಸದಲ್ಲಿ ವಾರಗಟ್ಟಲೆ ಬಿಡದೆ ಕಾಡುವ ಚಳಿಗೆ ದಾವಣಗೆರೆ, ಹರಿಹರದ ಕಡೆ ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: ಹಿಮಾಲಯದಲ್ಲಿ ಹಿಮ ಬಿದ್ದಿದೆ, ಅಲ್ಲಿಂದ ಥಂಡಿಗಾಳಿ ಬೀಸುತ್ತಿದೆ. ಇದು ಅರ್ಧ ನಿಜ. ಸೈಬೀರಿಯಾದ ಶೀತವನ್ನು ಹಿಮಾಲಯ ಆಚೆಗೇ ತಡೆಯುತ್ತದೆ. ಉತ್ತರ ಭಾರತದ ತಂಪು ಗಾಳಿಯೂ ಇಷ್ಟು ದೂರ ಬರುವಷ್ಟರಲ್ಲಿ ಬಹುಮಟ್ಟಿಗೆ ಬೆಚ್ಚಗಾಗಿರುತ್ತದೆ. ನಮ್ಮ ಚಳಿಯ ಬಹುಪಾಲು ಹುಟ್ಟುವುದು ನಮ್ಮ ಹೊಲಗಳ ಮೇಲೆಯೇ, ರಾತ್ರಿ ಹೊತ್ತು. ದೂರದಿಂದ ಬರುವುದು ಅದಕ್ಕೆ ಬೇಕಾದ ಒಣಹವೆ ಮತ್ತು ತೆರೆದ ಆಕಾಶ.

ಆ ಆಕಾಶ ತೆರೆಯುವ ಕೆಲಸ ಸುಮಾರು 12 ಕಿ.ಮೀ. ಎತ್ತರದಲ್ಲಿ ಶುರುವಾಗುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಡುವಣದಿಂದ ಮೂಡಣಕ್ಕೆ ಜೆಟ್ ಪ್ರವಾಹ ಎಂಬ ಬಿರುಸಿನ ಗಾಳಿ ಹರಿಯುತ್ತದೆ. ಎಷ್ಟೋ ದಿನ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಮೆಡಿಟರೇನಿಯನ್ ಕಡೆಯಿಂದ ಹೊರಟ ವಾಯುಭಾರ ಕುಸಿತಗಳು ಅದರ ಜೊತೆ ಸಾಗಿ ಬಂದು ಕಾಶ್ಮೀರ, ಹಿಮಾಚಲಗಳಲ್ಲಿ ಹಿಮ ಸುರಿಸುತ್ತವೆ. ಅವು ದಾಟಿಹೋದ ಮೇಲೆ ಒಣ ಶೀತಗಾಳಿ ಇಳಿದು, ಮಧ್ಯ ಭಾರತದ ಮೇಲೆ ಅಧಿಕ ಒತ್ತಡ ನೆಲೆಸುತ್ತದೆ. ಅದರ ದಕ್ಷಿಣದ ಅಂಚಿನ ಗಾಳಿ ತೆಲಂಗಾಣ, ರಾಯಚೂರು ಹಾದು ನಮಗೆ ಮೂಡಗಾಳಿಯಾಗಿ ತಲುಪುತ್ತದೆ. ಅಧಿಕ ಒತ್ತಡದೊಳಗೆ ಗಾಳಿ ಕೆಳಗಿಳಿಯುವುದರಿಂದ ಮೋಡ ಕಟ್ಟುವುದಿಲ್ಲ. ಮೋಡ ನೆಲಕ್ಕೆ ಕಂಬಳಿ ಇದ್ದ ಹಾಗೆ. ಅದಿಲ್ಲದ ದೀರ್ಘ ರಾತ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯ ನೆಲ ಹಗಲು ಕಾಯ್ದ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಬಂಗಾಳ ಕೊಲ್ಲಿಯಿಂದ ಮೋಡ ಬಂದರೆ ಒಂದೇ ರಾತ್ರಿಯಲ್ಲಿ ಚಳಿ ಮುರಿಯುವುದು ಇದಕ್ಕೇ.

ಹಾಗಾದರೆ ಚಳಿ ಕೆಲವೊಮ್ಮೆ ಎರಡೇ ದಿನಕ್ಕೆ ಹೋಗಿ, ಕೆಲವೊಮ್ಮೆ ಬೇರೂರುವುದೇಕೆ? ಜೆಟ್ ಪ್ರವಾಹ ನೇರವಾಗಿ ಹರಿಯದೆ ಸಾವಿರಾರು ಕಿ.ಮೀ. ಉದ್ದದ ಅಲೆಗಳಾಗಿ ಬಳುಕುತ್ತದೆ. ಈ ಅಲೆಗಳ ಗಣಿತವನ್ನು ಹವಾಮಾನ ವಿಜ್ಞಾನಿ ಕಾರ್ಲ್-ಗುಸ್ತಾಫ್ ರಾಸ್‌ಬಿ 1939ರಲ್ಲಿ ಬಿಡಿಸಿಟ್ಟರು. ಅಲೆ ಮುಂದೆ ಸರಿದರೆ ಹವೆ ಬದಲಾಗುತ್ತದೆ. ನಿಂತಲ್ಲೇ ನಿಂತರೆ ಕೆಳಗಿನ ಒತ್ತಡವೂ ಕದಲುವುದಿಲ್ಲ. ಅಟ್ಲಾಂಟಿಕ್ ಮೇಲಿನ ಒತ್ತಡದ ಏರಿಳಿತವೂ ಇದರಲ್ಲಿ ಕೈಯಾಡಿಸುತ್ತದೆ. ಆ ಏರಿಳಿತಕ್ಕೆ 1924ರಲ್ಲಿ ಹೆಸರಿಟ್ಟ ಗಿಲ್ಬರ್ಟ್ ವಾಕರ್, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ನಮ್ಮ ಮುಂಗಾರಿನ ಗುಟ್ಟು ಹುಡುಕಲು ಹೊರಟವರು ಎಂಬುದು ಹೆಮ್ಮೆಯ ಸಂಗತಿ.

ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಇಲಾಖೆ ಅದನ್ನು ಶೀತಗಾಳಿ ಎಂದು ಪರಿಗಣಿಸುತ್ತದೆ. ಭದ್ರಾ ನಾಲೆಯ ಬಯಲಿಗೆ ಅದಕ್ಕಿಂತ ಮುಖ್ಯವಾದ ಅಳತೆ ಭತ್ತದ ಸಸಿಮಡಿಯದು ಎಂದೇ ನನ್ನ ನಂಬಿಕೆ. ಸುಮಾರು 15 ಡಿಗ್ರಿಗಿಂತ ಕೆಳಗಿನ ರಾತ್ರಿಗಳು ಸಾಲುಗಟ್ಟಿದರೆ ಬೇಸಿಗೆ ಭತ್ತದ ಎಳೆ ಸಸಿ ಹಳದಿಗೆ ತಿರುಗಿ ಕುಂಠಿತವಾಗುತ್ತದೆ. ಅಂಥ ದಿನಗಳಲ್ಲಿ ಸಂಜೆ ಮಡಿಗೆ ನೀರು ನಿಲ್ಲಿಸಬೇಕು, ಬೆಳಿಗ್ಗೆ ತಣ್ಣಗಾದ ನೀರನ್ನು ಬಸಿದುಬಿಡಬೇಕು. ಬರಿ ಮಣ್ಣಿನಷ್ಟು ಬೇಗ ನೀರು ಬಿಸಿ ಬಿಟ್ಟುಕೊಡುವುದಿಲ್ಲ.