ಹಾಲಿನ ದಾರಿಯಲ್ಲಿ ಬಂದ ಅಯೋಡಿನ್

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿದಾಗ ಹತ್ತಾರು ಬಗೆಯ ವಿಕಿರಣ ವಸ್ತುಗಳು ಹೊರಬಿದ್ದವು. ಮಕ್ಕಳನ್ನು ಹೆಚ್ಚು ಕಾಡಿದ್ದು ಅವುಗಳಲ್ಲೊಂದಾದ ಅಯೋಡಿನ್-131. ಅದರ ಅರ್ಧಾಯುಷ್ಯ ಬರೀ ಎಂಟು ದಿನ. ಮೂರು ತಿಂಗಳಲ್ಲಿ ಸಾವಿರದ ಒಂದು ಪಾಲೂ ಉಳಿಯುವುದಿಲ್ಲ. ಇಷ್ಟು ಅಲ್ಪಾಯುಷಿಯಾದ ವಸ್ತು, ಆಗ ಹಾಲು ಕುಡಿದ ಮಗುವನ್ನು ನಡುವಯಸ್ಸಿನವರೆಗೆ ಬೆನ್ನಟ್ಟುವುದು ಹೇಗೆ?

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಹಾರ್ಮೋನು ತಯಾರಿಸಲು ಅಯೋಡಿನ್ ಬೇಕು. ಅದನ್ನು ರಕ್ತದಿಂದ ಹೀರಿಕೊಳ್ಳುವಾಗ ಸಾದಾ ಅಯೋಡಿನ್ ಯಾವುದು, ವಿಕಿರಣ ಸೂಸುವುದು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಚೆರ್ನೋಬಿಲ್‌ನ ಅಯೋಡಿನ್ ಗಾಳಿ ಮಳೆಯೊಂದಿಗೆ ಬೆಲರೂಸ್, ಉತ್ತರ ಉಕ್ರೇನ್ ಮತ್ತು ರಷ್ಯಾದ ಬ್ರಿಯಾನ್ಸ್ಕ್ ಸೀಮೆಯ ಹುಲ್ಲಿನ ಮೇಲೆ ಇಳಿಯಿತು. ದಿನವಿಡೀ ಮೇಯುವ ಹಸು ಅದನ್ನು ಒಟ್ಟುಮಾಡಿ ಹಾಲಿಗೆ ಇಳಿಸಿತು. ಮನೆಯ ಹಾಲನ್ನೇ ಕುಡಿಯುತ್ತಿದ್ದ ಹಳ್ಳಿಗಳಿಗೆ ಎಚ್ಚರಿಕೆ ತಡವಾಗಿ ತಲುಪಿತು. ಸಾಲದ್ದಕ್ಕೆ ಅಲ್ಲಿನ ಆಹಾರದಲ್ಲಿ ಅಯೋಡಿನ್ ಮೊದಲೇ ಕಡಿಮೆ. ಹಸಿದಿದ್ದ ಗ್ರಂಥಿಗಳು ಸಿಕ್ಕಿದ್ದನ್ನೆಲ್ಲ ಹೀರಿದವು.

ಅದೇ ಹಾಲನ್ನು ದೊಡ್ಡವರೂ ಕುಡಿದಿದ್ದರು. ಆದರೆ ದೊಡ್ಡವರ ಥೈರಾಯ್ಡ್ ಸುಮಾರು 20 ಗ್ರಾಂ ತೂಗಿದರೆ, ಒಂದು ವರ್ಷದ ಮಗುವಿನದು ಎರಡು ಗ್ರಾಂ ಆಸುಪಾಸು. ಅಷ್ಟೇ ಅಯೋಡಿನ್ ಇಷ್ಟು ಸಣ್ಣ ಗ್ರಂಥಿಯಲ್ಲಿ ಕೂತಾಗ ಪ್ರತಿ ಗ್ರಾಂಗೆ ಬೀಳುವ ವಿಕಿರಣ ಹಲವು ಪಟ್ಟು. ಮೇಲಾಗಿ ಬೆಳೆಯುವ ಮಗುವಿನ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುತ್ತವೆ. ಡಿಎನ್‌ಎಯಲ್ಲಿ ಆದ ತಪ್ಪು ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಅಯೋಡಿನ್ ಕರಗಿಹೋದರೂ ಈ ತಪ್ಪು ಅಳಿಯುವುದಿಲ್ಲ. ಇಡೀ ಕಥೆಯ ಕೀಲಿ ಇಲ್ಲೇ ಇದೆ.

ವಿಕಿರಣ ತೀರಾ ಹೆಚ್ಚಾದರೆ ಹಾನಿಯ ರೀತಿಯೇ ಬೇರೆ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬ್ ಸಿಡಿಸಿದಾಗ, ಅದರ ಬೂದಿ ರೊಂಗೆಲಾಪ್ ದ್ವೀಪದ ಮೇಲೆ ಸುರಿಯಿತು. ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನದ ಮೇಲೆ. ಆಗ ಸುಮಾರು ಒಂದು ವರ್ಷದವರಾಗಿದ್ದ ಇಬ್ಬರು ಗಂಡುಮಕ್ಕಳ ಥೈರಾಯ್ಡ್ ಸತ್ತೇಹೋಯಿತು. ಹಾರ್ಮೋನಿಲ್ಲದೆ ಅವರ ಬೆಳವಣಿಗೆ ನಿಂತಿತು. ಉಳಿದ ಮಕ್ಕಳಲ್ಲಿ ಗಂಟುಗಳು ಕಾಣಿಸತೊಡಗಿದ್ದು 1963ರಿಂದ, ಅಂದರೆ ಒಂಬತ್ತು ವರ್ಷಗಳ ನಂತರ.

ಚೆರ್ನೋಬಿಲ್‌ನಲ್ಲಿ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಸುಮಾರು ನಾಲ್ಕು ವರ್ಷಕ್ಕೇ ಏರತೊಡಗಿತು. ಅಷ್ಟು ಬೇಗ ಬರಲಾರದೆಂದು ಹಲವು ತಜ್ಞರು ಮೊದಮೊದಲು ನಂಬಲಿಲ್ಲ. 1986ರಲ್ಲಿ 18 ತುಂಬದಿದ್ದವರಲ್ಲಿ 1991ರಿಂದ 2015ರವರೆಗೆ ದಾಖಲಾದ ಪ್ರಕರಣಗಳು 19,000ಕ್ಕೂ ಹೆಚ್ಚು. ವಿಕಿರಣವೇ ಕಾರಣವಾದದ್ದು ಸುಮಾರು ಕಾಲು ಭಾಗಕ್ಕೆ. ಉಳಿದವಕ್ಕೆ ವಯಸ್ಸು, ತಪಾಸಣೆಯ ಹೆಚ್ಚಳ ಕಾರಣ ಎಂಬುದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯ ಲೆಕ್ಕ. ಅಯೋಡಿನ್ ನಶಿಸಿದ ಮೇಲೆ ಅದೇ ಊರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಈ ಏರಿಕೆ ಕಾಣಲಿಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ತಡೆಯುವ ಉಪಾಯ ಕಷ್ಟದ್ದಲ್ಲ. ತಾಜಾ ಹಾಲು ನಿಲ್ಲಿಸಿ ಹಾಲಿನ ಪುಡಿ ಕೊಡುವುದು. ಪೊಟ್ಯಾಸಿಯಂ ಅಯೋಡೈಡ್ ಕೊಟ್ಟು ಗ್ರಂಥಿಯನ್ನು ಮೊದಲೇ ತುಂಬಿಸಿಬಿಡುವುದು. ದುರಂತದ ಕೆಲವೇ ದಿನಗಳಲ್ಲಿ ಪೋಲೆಂಡ್ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕೊಟ್ಟಿತು. ಆದರೆ ವಿಕಿರಣ ಬರುವ ಮುನ್ನ ಅಥವಾ ಬಂದ ಕೆಲವೇ ಗಂಟೆಗಳಲ್ಲಿ, ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟರಷ್ಟೇ ಪೂರ್ತಿ ಫಲ. ಅಡುಗೆಯ ಅಯೋಡಿನ್ ಉಪ್ಪು ಇದಕ್ಕೆ ಬದಲಿಯಲ್ಲ. 2011ರ ಫುಕುಶಿಮಾ ಅವಘಡದ ಬಳಿಕ ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದಿದ್ದರು. 130 ಮಿಲಿಗ್ರಾಂನ ಒಂದು ಮಾತ್ರೆಯಷ್ಟು ಅಯೋಡಿನ್ ಬೇಕೆಂದರೆ ಕಿಲೋಗಟ್ಟಲೆ ಉಪ್ಪು ತಿನ್ನಬೇಕು.

ಹಾಗೆಂದು ಊರಿಗೆ ಊರೇ ಸ್ಕ್ಯಾನ್ ಮಾಡಿಸುವುದೂ ಜಾಣತನವಲ್ಲ. ಎಂದೂ ತೊಂದರೆ ಕೊಡದ ಸಣ್ಣ ಗಂಟುಗಳೂ ಅದರಲ್ಲಿ ಸಿಕ್ಕಿ, ಬೇಡದ ಶಸ್ತ್ರಚಿಕಿತ್ಸೆಗೆ ದಾರಿಯಾಗುತ್ತದೆ. ಅಪಾಯ ನಿಜವಾಗಿ ಯಾರಿಗಿದೆಯೋ ಅವರನ್ನು ಗಮನಿಸಬೇಕು. ನಮ್ಮಲ್ಲಿ ಅಂಥವರು, ಬಾಲ್ಯದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದು ಕುತ್ತಿಗೆಗೆ ವಿಕಿರಣ ಕೊಡಿಸಿಕೊಂಡವರು. ಅಲ್ಲಿ ವಿಕಿರಣ ಹೊರಗಿನಿಂದ ಬೀಳುತ್ತದೆ, ಗ್ರಂಥಿಗಾಗುವ ಹಾನಿ ಮಾತ್ರ ಇದೇ ಬಗೆಯದು. ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ ಆ ಹಳೆಯ ಕಡತ ಜೋಪಾನವಾಗಿರಲಿ. ವರ್ಷಕ್ಕೊಮ್ಮೆ ಕುತ್ತಿಗೆಯ ತಪಾಸಣೆ, ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಮಗು ದೊಡ್ಡದಾದ ಮೇಲೂ ಬಿಡಬೇಡಿ.