ಹೊರಗ ಕುಂತು ಚಿತ್ರ ಬರೆಯೋರಿಗೆ ಚೀಲದಾಗ ಏನಿರಬೇಕು? ಈಸಲ್ ಕೊಳ್ಳೋ ಮುಂಚೆ ಇದನ್ನ ಓದ್ರಿ

ಬೆಳವಣಕಿ: ಕಡಲೆ ಮಾರಿದ ರೊಕ್ಕದಲ್ಲಿ ಮಗಳಿಗಾಗಿ ಆನ್‌ಲೈನ್‌ನಲ್ಲಿ ತರಿಸಿದ ಕಟ್ಟಿಗೆಯ ಈಸಲ್ ಪೆಟ್ಟಿಗೆ ಈಗ ನಮ್ಮ ಕಡೆಯ ರೈತರೊಬ್ಬರ ಮನೆಯ ಅಟ್ಟ ಸೇರಿದೆ. ಹುಡುಗಿ ಪಿಯುಸಿ ಓದುತ್ತಿದ್ದಾಳೆ. ಮುಂದೆ ಚಿತ್ರಕಲಾ ಕಾಲೇಜಿಗೆ ಹೋಗುವ ಆಸೆ. ನಿಸರ್ಗ ಚಿತ್ರ ಬರೆದು ಕೈ ಪಳಗಿಸಿಕೊಳ್ಳಬೇಕು ಅಂತ ಒಂದು ಭಾನುವಾರ ಆ ಪೆಟ್ಟಿಗೆ ಹೊತ್ತುಕೊಂಡು ಹೊಲಕ್ಕೆ ಹೋದಳು. ಒಂದು ಕಾಲು ಎರಿ ಮಣ್ಣಿನ ಬಿರುಕಿನಲ್ಲಿ ಇಳಿಯಿತು, ಅಷ್ಟರಲ್ಲಿ ಗಾಳಿ ಬೀಸಿತು, ಬೋರ್ಡು, ಹಾಳೆ, ಬಣ್ಣ ಎಲ್ಲ ಸೇರಿ ಮಕಾಡೆ ಬಿದ್ದವು. ಸ್ಕ್ರೂ ಕಿತ್ತು ಬಂತು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅದಾದ ಮೇಲೆ ಆಕೆ ಹೊರಗೆ ಕುಂತು ಬರೆಯೋದನ್ನೇ ಬಿಟ್ಟಿದ್ದಾಳೆ. ಅವರ ಅಪ್ಪನಿಗೆ ರೊಕ್ಕ ಹೋಗಿದ್ದಕ್ಕಿಂತ ಅದರದೇ ಚಿಂತೆ ಜಾಸ್ತಿ.

ಇಂಥ ತಪ್ಪು ನಾನೂ ಮಾಡಿದ್ದೇನೆ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟು ಸುದ್ದಿ ಬರೆಯಾಕ ಹತ್ತಿದಾಗಿನಿಂದ ಬೈಕಿನ ಸೈಡ್ ಬ್ಯಾಗಿನಲ್ಲಿ ಒಂದು ಬಣ್ಣದ ಡಬ್ಬಿ ಇದ್ದೇ ಇರ್ತದ. ಸಭೆ ತಡವಾದರೆ, ಮಂತ್ರಿ ಬರೋದು ತಡವಾದರೆ ಅಲ್ಲೇ ಎಲ್ಲಾದರೂ ಕುಂತು ಬರೀತೀನಿ. (ಮಂತ್ರಿಗಳು ತಡ ಮಾಡಿದ್ದರಿಂದ ನನ್ನ ಕೈ ಸುಧಾರಿಸಿದೆ ಅಂದರೂ ತಪ್ಪಿಲ್ಲ.) ನಮ್ಮ ತಾಲ್ಲೂಕಿನ ಬಿಸಿಲು, ಗಾಳಿ, ಬಸ್ಸು, ಜೇಬಿಗೆ ಹೊಂದುವ ಸಾಮಾನು ಯಾವುದು, ಅದನ್ನ ಹೊತ್ತೊಯ್ಯೋದು ಹೆಂಗ ಅಂತ ಕೆಲವರು ಕೇಳಿದ್ದರಿಂದ ಇದನ್ನ ಬರೆದಿದ್ದೇನೆ.

ಮೊದಲು ಗಾಳಿ ಲೆಕ್ಕ

ಯೂಟ್ಯೂಬ್‌ನಲ್ಲಿ ಬರೋ ವಿಡಿಯೋಗಳಲ್ಲಿ ಎಲ್ಲರೂ ನಿಂತುಕೊಂಡು, ಮೂರು ಕಾಲಿನ ಸ್ಟ್ಯಾಂಡಿಗೆ ದೊಡ್ಡ ಬೋರ್ಡು ಏರಿಸಿ ಬರೀತಾರ. ನೋಡಾಕ ಚಂದ. ನಮ್ಮ ಬಯಲಿಗೆ ಅದು ನಡೆಯೋದಿಲ್ಲ. ಗಜೇಂದ್ರಗಡದ ಗುಡ್ಡದ ಮ್ಯಾಲೆ ಆ ಗಾಳಿ ಫ್ಯಾನುಗಳನ್ನ ಸುಮ್ಮನೆ ನಿಲ್ಲಿಸಿಲ್ಲ.

ಪೂರ್ತಿ ಡ್ರಾಯಿಂಗ್ ಶೀಟಿನ ಅಳತೆ ಸಾಮಾನ್ಯವಾಗಿ 22×30 ಇಂಚು. ಅದರ ಅರ್ಧ 15×22. ಗಂಟೆಗೆ 30 ಕಿ.ಮೀ. ವೇಗದ ಗಾಳಿ ಈ ಅರ್ಧ ಶೀಟಿನ ಬೋರ್ಡಿಗೆ ನೇರ ಹೊಡೆದರೆ ಹತ್ತಿರ ಹತ್ತಿರ ಒಂದು ಕೆಜಿಯಷ್ಟು ಭಾರ ಹಾಕಿ ನೂಕಿದಂಗ. ಗಾಳಿ ಎರಡು ಪಟ್ಟಾದರೆ ನೂಕುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗ್ತದ. ಒಂದೂವರೆ ಕೆಜಿ ತೂಕದ ಅಲ್ಯೂಮಿನಿಯಂ ಸ್ಟ್ಯಾಂಡು, ಅದೂ ಎದಿಮಟ ಎತ್ತರದಾಗ ಬೋರ್ಡು ಹಿಡಿದುಕೊಂಡು ಎಷ್ಟೊತ್ತು ನಿಂತೀತು? ಶೀಟನ್ನ ನಾಲ್ಕು ಭಾಗ ಮಾಡಿ 11×15 ಇಂಚಿನ ತುಂಡಿನಲ್ಲಿ ಬರೆದರೆ ಗಾಳಿ ಹೊಡೆತ ಅಲ್ಲಿಗೇ ಅರ್ಧ ಆಯ್ತು. ಎಂಟು ಭಾಗ ಮಾಡಿದರೆ 7½×11 ಬರ್ತದ. ಅದು ಮಕ್ಕಳು ಪರೀಕ್ಷೆಗೆ ಒಯ್ಯೋ ಪ್ಯಾಡಿನ ಮ್ಯಾಲೆ ಸರಿಯಾಗಿ ಕೂರ್ತದ.

ಅದಕ್ಕ ನನ್ನ ಮೊದಲ ಸಲಹೆ: ಮೊದಲ ವರ್ಷ ಈಸಲ್ ಬೇಡ. ಮನೆಯಾಗಿನ ಪರೀಕ್ಷಾ ಪ್ಯಾಡು ಸಾಕು. ಅದರ ಮ್ಯಾಲೆ ಕ್ಲಿಪ್ ಇದ್ದೇ ಇರ್ತದ. ಕೆಳಗಿನ ಎರಡು ಮೂಲೆಗೆ ಎರಡು ಕಬ್ಬಿಣದ ಕ್ಲಿಪ್ ಹಾಕಿದರೆ ಹಾಳೆ ಪಟಪಟ ಅನ್ನೋದಿಲ್ಲ. ನೆಲಕ್ಕ ಕುಂತು ತೊಡಿ ಮ್ಯಾಲೆ ಇಟ್ಟುಕೊಂಡು ಬರೀರಿ. ಎಷ್ಟು ಕೆಳಗೆ ಕೂರ್ತೀರೋ ಅಷ್ಟು ಗಾಳಿ ಕಡಿಮೆ.

ಸ್ವಲ್ಪ ದೊಡ್ಡದು ಬೇಕು ಅನ್ನೋರು ಪ್ಲೈವುಡ್ ಹುಡುಕಬೇಡಿ, ಭಾರ. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ ಅಂತ ಇರ್ತದ. ಅದರ ಉಳಿದ ತುಂಡು 12×16 ಇಂಚಿಗೆ ಕತ್ತರಿಸಿ ಕೊಡು ಅಂದರೆ ಕೊಡ್ತಾರ. ಹಗುರ, ನೀರು ಕುಡಿಯೋದಿಲ್ಲ. ಫ್ಲೆಕ್ಸ್ ಬಂದು ನಮ್ಮೂರ ಬೋರ್ಡ್ ಬರೆಯೋರ ಹೊಟ್ಟಿ ಮ್ಯಾಲೆ ಹೊಡೀತು ಅನ್ನೋದು ಖರೆ. ಈಗ ಅದೇ ಅಂಗಡಿಯ ಕಸದಿಂದ ಬ್ರಶ್ ಹಿಡಿಯೋರಿಗೆ ಒಂದಿಷ್ಟು ಉಪಯೋಗ ಆಗಲಿ.

ಈಸಲ್ ತಗೊಂಡೇ ಬಿಟ್ಟಿದ್ದರೆ ಕಾಲು ಪೂರ್ತಿ ಎಳೆಯದೆ ಗಿಡ್ಡ ಮಾಡಿ ನಿಲ್ಲಿಸಿ, ನಡುವಿನ ಕೊಂಡಿಗೆ ಕಲ್ಲು ತುಂಬಿದ ಕೈಚೀಲ ನೇತು ಹಾಕಿರಿ. ಕಲ್ಲನ್ನ ಮನೆಯಿಂದ ಹೊರಬೇಕಿಲ್ಲ, ಖಾಲಿ ಚೀಲ ಒಯ್ದರೆ ಸಾಕು. ಬ್ಯಾಸಿಗಿಯಲ್ಲಿ ಎರಿ ಹೊಲ ಬಿರಿದಿರ್ತದ, ಮಳಿಗಾಲದಾಗ ಕಾಲು ಹೂತು ಹೋಗ್ತದ. ಎರಡಕ್ಕೂ ಔಷಧ ಒಂದೇ: ಪ್ರತಿ ಕಾಲಿನ ಕೆಳಗೆ ಅಗಲ ಡಬ್ಬಿ ಮುಚ್ಚಳ.

ಯಾವ ಬಣ್ಣ?

1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ಹಿಚುಕುವ ತಗಡಿನ ಟ್ಯೂಬಿಗೆ ಪೇಟೆಂಟ್ ತಗೊಂಡ. ಅದಕ್ಕೂ ಮೊದಲು ಯುರೋಪಿನವರು ಎಣ್ಣೆ ಬಣ್ಣವನ್ನ ಹಂದಿಯ ಮೂತ್ರಚೀಲದಲ್ಲಿ ಕಟ್ಟಿ ಇಡುತ್ತಿದ್ದರು. ಒಮ್ಮೆ ಚುಚ್ಚಿದರೆ ಮತ್ತೆ ಮುಚ್ಚಾಕ ಬರ್ತಿರಲಿಲ್ಲ. ಟ್ಯೂಬ್ ಬಂದ ಮೇಲೆಯೇ ಬಣ್ಣ ತಗೊಂಡು ಬಯಲಿಗೆ ಹೋಗೋದು ಸಲೀಸಾಯ್ತು. ಅಂದರೆ ಹೊರಗೆ ಕುಂತು ಬರೆಯೋ ಕಲೆ ಬೆಳೆದಿದ್ದರಲ್ಲಿ ಡಬ್ಬಿಯ ಪಾತ್ರವೂ ದೊಡ್ಡದು.

ನಮ್ಮ ನಾಡಿನ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು. ಬೆಂಗಳೂರಿನ ಹೂ ಬಿಟ್ಟ ಮರಗಳನ್ನ ಆ ಜಾಗದಲ್ಲೇ ಕುಂತು ಎಣ್ಣೆ ಬಣ್ಣದಲ್ಲಿ ಬರೆದವರು. ಅವರಿಗಿಂತ ಹಿಂದಿನ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳು ಜಲವರ್ಣದವು. ಎರಡೂ ದಾರಿ ಇವೆ. ಆದರೆ ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೆ ನಾನು ಹೇಳೋದು ಜಲವರ್ಣ.

ಕಾರಣ ಇಷ್ಟು. ಎಣ್ಣೆ ಬಣ್ಣಕ್ಕೆ ಟರ್ಪೆಂಟೈನ್ ಬೇಕು. ಅದು ಬೆಂಕಿ ಹತ್ತುವ ವಸ್ತು, ಬಸ್ಸಿನಲ್ಲಿ ಒಯ್ಯಬಾರದು. ಬರೆದ ಕ್ಯಾನ್ವಾಸ್ ಒಣಗಾಕ ದಿನಗಟ್ಟಲೆ ಬೇಕು, ಹಸಿ ಇದ್ದಾಗ ಹಿಡಕೊಂಡು ಬರೋದೇ ಒಂದು ಸರ್ಕಸ್ಸು. ಇನ್ನೊಂದು ಬಹಳ ಮಂದಿಗೆ ಗೊತ್ತಿಲ್ಲದ ಮಾತು: ಅಗಸಿ ಎಣ್ಣೆ ಒರೆಸಿದ ಅರಿವೆಯನ್ನ ಮುದ್ದೆ ಮಾಡಿ ಚೀಲದಾಗ ತುರುಕಿದರೆ ತಾನೇ ಕಾವೇರಿ ಬೆಂಕಿ ಹತ್ತಬಹುದು. ಹರವಿ ಒಣಗಿಸಬೇಕು. ಅಕ್ರಿಲಿಕ್ ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಪ್ಯಾಲೆಟ್ಟಿನ ಮೇಲೆಯೇ ಪ್ಲಾಸ್ಟಿಕ್ ಆಗ್ತದ, ಬ್ರಶ್ ತೊಳೆಯೋದು ಮರೆತರೆ ಆ ಬ್ರಶ್ ಕಸಕ್ಕೇ. ಜಲವರ್ಣ ಒಣಗಿದರೂ ಚಿಂತಿಲ್ಲ, ನೀರು ತಾಗಿಸಿದರೆ ಮತ್ತೆ ಏಳ್ತದ.

24 ಬಣ್ಣದ ದೊಡ್ಡ ಬಾಕ್ಸ್ ಬೇಡ. ಬಿಡಿ ಟ್ಯೂಬ್ ಆರು ಸಾಕು: ಅಲ್ಟ್ರಾಮರೀನ್ ನೀಲಿ, ಒಂದು ತಿಳಿ ನೀಲಿ, ನಿಂಬೆ ಹಳದಿ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್ ಕೆಂಪು. ಬಾದಾಮಿಯ ಕೆಂಪು ಬಂಡೆಗೆ ಓಕರ್ ಮತ್ತು ಸಿಯೆನ್ನಾ. ಎರಿ ಹೊಲಕ್ಕೆ ಕಪ್ಪು ಟ್ಯೂಬ್ ಹಚ್ಚಿದರೆ ಡಾಂಬರು ರಸ್ತೆ ಕಂಡಂಗ ಕಾಣ್ತದ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಕೂಡಿಸಿ ನೋಡ್ರಿ, ಬಿತ್ತಿಗೆ ಮುಂಚಿನ ನಮ್ಮ ನೆಲ ಅಲ್ಲಿ ಸಿಗ್ತದ. ಹಿಂಗಾರಿ ಜೋಳದ ಹಸಿರಿಗೂ ಹಸಿರು ಟ್ಯೂಬ್ ಬೇಕಿಲ್ಲ, ನಿಂಬೆ ಹಳದಿಗೆ ಅಲ್ಟ್ರಾಮರೀನ್ ಸಾಕು.

ಡಬ್ಬಿಗೆ ಹಳೆ ಕಂಪಾಸ್ ಬಾಕ್ಸ್. ಒಳಗೆ ಬಾಟಲಿ ಮುಚ್ಚಳಗಳನ್ನ ಎಂ-ಸೀಲ್ ಹಚ್ಚಿ ಕೂರಿಸಿ, ಅದರಾಗ ಟ್ಯೂಬಿನ ಬಣ್ಣ ಹಿಚುಕಿ ಎರಡು ದಿನ ನೆರಳಿನಲ್ಲಿ ಒಣಗಿಸಿ. ಮುಚ್ಚಳದ ಒಳಮೈಗೆ ಬಿಳಿ ಎನಾಮೆಲ್ ಬಳಿದರೆ ಅದೇ ಬಣ್ಣ ಕಲಸುವ ತಟ್ಟೆ. ಜೇಬಿನಾಗ ಹೋಗ್ತದ.

ರೊಕ್ಕ ಹಾಕೋದಾದರೆ ಹಾಳೆಗೆ ಹಾಕ್ರಿ

ಎಲ್ಲದರಲ್ಲೂ ಉಳಿಸಬಹುದು, ಹಾಳೆಯಲ್ಲಿ ಉಳಿಸಬೇಡಿ. ಹಾಳೆ ಮೇಲೆ ಜಿಎಸ್‌ಎಂ ಅಂತ ಬರೆದಿರ್ತದ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗ್ತದ ಅನ್ನೋದೇ ಅದು. ಝೆರಾಕ್ಸ್ ಹಾಳೆ 70–80 ಇರ್ತದ. ಜಲವರ್ಣಕ್ಕೆ 300 ಬೇಕು. ತೆಳು ಹಾಳೆಗೆ ನೀರು ಬಿದ್ದ ಕೂಡಲೆ ಹಪ್ಪಳದಂಗ ಏಳ್ತದ, ಬಣ್ಣ ತಗ್ಗಿನಾಗ ನಿಲ್ತದ. ಹುಡುಗರು ತಮಗೇ ಬರೂದಿಲ್ಲ ಅಂತ ತಿಳಕೋತಾರ. ತಪ್ಪು ಹಾಳೆಯದು. ಆ ಪಿಯುಸಿ ಹುಡುಗಿಯ ಚೀಲದಲ್ಲೂ ಇದ್ದದ್ದು ಸಾದಾ ಡ್ರಾಯಿಂಗ್ ಶೀಟೇ. ಅಷ್ಟು ದುಬಾರಿ ಸ್ಟ್ಯಾಂಡಿನ ಮ್ಯಾಲೆ ಅಷ್ಟು ಅಗ್ಗದ ಹಾಳೆ.

ನಮ್ಮ ಸ್ಟೇಷನರಿ ಅಂಗಡಿ ಮಾಲೀಕರಿಗೂ ಇಲ್ಲೊಂದು ಮಾತು. ಲೋವರ್, ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಪ್ರತಿ ವರ್ಷ ನಮ್ಮ ಮಕ್ಕಳು ಕೂರ್ತಾರ. ಅವರು ಒಳ್ಳೆ ಹಾಳೆಗೆ ಅಂತ ಗದಗ, ಹುಬ್ಬಳ್ಳಿ ಬಸ್ ಹತ್ತೋದ್ಯಾಕ? 300 ಜಿಎಸ್‌ಎಂ ಶೀಟ್ ಒಂದು ಹತ್ತು ತರಿಸಿ, ನಾಲ್ಕು, ಎಂಟು ತುಂಡು ಮಾಡಿ ಬಿಡಿಯಾಗಿ ಮಾರ್ರಿ. ಕೆಡುವ ಮಾಲಲ್ಲ, ತಂಪು ಹಿಡಿಯದಂಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಆಯ್ತು. ಹಂಗೇ ಬಿಡಿ ಟ್ಯೂಬು, 8 ಮತ್ತು 12 ನಂಬರಿನ ದುಂಡು ಬ್ರಶ್. ಹಾರ್ಡ್‌ವೇರ್ ಅಂಗಡಿಯವರಿಗೂ ಗಿರಾಕಿ ಇದೆ: ಎರಡು ಇಂಚಿನ ಪಿವಿಸಿ ಪೈಪಿನ ಒಂದು ಅಡಿ ತುಂಡು, ಎರಡು ಮುಚ್ಚಳ. ಗಾಳಿಯಾಡಲಿಕ್ಕೆ ನಾಲ್ಕು ತೂತು ಹೊಡೆದರೆ ಬ್ರಶ್ ಒಯ್ಯೋ ಕೊಳವೆ ಸಿದ್ಧ.

ಅದಕ್ಕಿಂತ ನನಗೆ ಹಿಡಿಸಿದ್ದು ನಮ್ಮ ಅಜ್ಜಂದಿರ ಎಲಿ ಅಡಿಕಿ ಸಂಚಿ. ಒಂದೊಂದು ಅರಿಯಲ್ಲಿ ಒಂದೊಂದು ಸಾಮಾನು, ಸುತ್ತಿ ದಾರ ಕಟ್ಟಿದರೆ ಸೊಂಟಕ್ಕೆ. ಅದನ್ನೇ ಸ್ವಲ್ಪ ಉದ್ದ ಮಾಡಿ ಹೊಲಿದು ಕೊಡು ಅಂತ ನಮ್ಮ ಓಣಿಯ ಟೇಲರ್‌ಗೆ ಹೇಳಿದೆ. ಬ್ರಶ್, ಪೆನ್ಸಿಲ್, ರಬ್ಬರ್, ಕ್ಲಿಪ್ ಎಲ್ಲಾ ಅದರಾಗ. ಹಸಿ ಬ್ರಶ್ ಸುತ್ತಿದ್ದರೆ ಮನಿಗೆ ಬಂದ ಕೂಡಲೆ ಬಿಚ್ಚಿಡಬೇಕು, ಇಲ್ಲಾಂದ್ರ ಬೂಜು ಹಿಡೀತದ.

ನೀರು, ನೆರಳು, ಬಸ್ಸು

ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಚೀಲದಲ್ಲಿ ಎಲ್ಲಕ್ಕಿಂತ ಭಾರ ಅದೇ. ಬರೆಯಾಕ ಅರ್ಧ ಲೀಟರ್ ಸಾಕು, ಕುಡಿಯೋದು ಬ್ಯಾರೆ ಬಾಟಲಿ. ಬಾಟಲಿಗಳ ಬಣ್ಣ ಬೇರೆ ಬೇರೆ ಇರಲಿ. ಸುಡಿಯ ನಾಗಕುಂಡದ ಮುಂದೆ ಕುಂತು ಬರೆಯುವಾಗ ಬಣ್ಣದ ನೀರನ್ನ ಒಂದು ಗುಟುಕು ಕುಡಿದವನ ಅನುಭವದ ಮಾತಿದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಣ್ಣ ಕಾಳುಕಾಳಾಗಿ ಕೂರೋದುಂಟು, ಶುದ್ಧ ನೀರಿನ ಘಟಕದ ನೀರು ಒಳ್ಳೇದು. ತೊಳೆದ ನೀರನ್ನ ಕೆರಿಗೆ, ದನ ಕುಡಿಯೋ ದೋಣಿಗೆ ಚೆಲ್ಲಬೇಡಿ. ಕೆಲವು ಬಣ್ಣದಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹ ಇರ್ತಾವ. ಬ್ರಶ್ಶಿನ ತುದಿಯನ್ನ ಬಾಯಿಗೆ ಹಾಕೋ ಚಟ ಇದ್ದರೆ ಅದನ್ನೂ ಬಿಡ್ರಿ.

ಬಿಸಿಲಿನಾಗ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ. ಅಲ್ಲಿ ಛಲೋ ಕಂಡ ಚಿತ್ರ ಮನಿಗೆ ತಂದು ನೋಡಿದರೆ ಕಪ್ಪಗೆ ಮಂಕಾಗಿರ್ತದ. ಹಾಳೆ ನೆರಳಿನಲ್ಲಿರಬೇಕು. ಬಣ್ಣದ ಛತ್ರಿ ಹಿಡಿದರೆ ಆ ಬಣ್ಣ ಹಾಳೆ ಮೇಲೆ ಬೀಳ್ತದ, ಮತ್ತೆ ಗಾಳಿಗೆ ಛತ್ರಿಯೂ ಹಾರ್ತದ. ಬೇವಿನ ಗಿಡ, ಗುಡಿಯ ಕಟ್ಟಿ, ಬಸ್ ಸ್ಟ್ಯಾಂಡಿನ ನೆರಳು, ಇವೇ ನಮ್ಮ ಸ್ಟುಡಿಯೋ. ಬೆಳಿಗ್ಗೆ 9ರೊಳಗೆ, ಸಂಜೆ 4ರ ಮ್ಯಾಲೆ ಹೋದರೆ ಬೆಳಕೂ ಚಂದ, ನೆರಳೂ ಉದ್ದ.

ಚೀಲ ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡ್ರಿ. ರೋಣ ಬಸ್ಸಿನಲ್ಲಿ ಸೀಟು ಸಿಗದೆ ನಿಂತರೂ ಒಂದು ಕೈ ಖಾಲಿ ಇರಬೇಕು. ಕುಂತರೆ ಎಲ್ಲಾ ತೊಡಿ ಮ್ಯಾಲೆ ಹಿಡಿಯಬೇಕು. ಶಾಲಿ ಬ್ಯಾಗಿನಲ್ಲಿ ಹೋಗದ ಸಾಮಾನು ಬೇಡ. ನನ್ನ ಚೀಲ ನೀರು ಸೇರಿ ಎರಡು ಕೆಜಿ ದಾಟೂದಿಲ್ಲ. ಎಲ್ಲಾ ಕೂಡಿ 700 ರೂ. ಆಸುಪಾಸು ಖರ್ಚಾಗಿದೆ, ಅದರಾಗ ಅರ್ಧಕ್ಕಿಂತ ಹೆಚ್ಚು ಹಾಳೆ ಮತ್ತು ಬ್ರಶ್ಶಿಗೆ. ಬೈಕಿನ ಹಿಂದೆ ಕುಂತು ದೊಡ್ಡ ಬೋರ್ಡನ್ನ ಅಡ್ಡ ಹಿಡಿಯೋದು ಮಾತ್ರ ಬೇಡವೇ ಬೇಡ. ಲಾರಿ ಪಕ್ಕ ಹಾದಾಗ ಬೋರ್ಡ್ ಹಾಯಿಯಾಗಿ ಬೈಕನ್ನೇ ಎಳೀತದ.

ದೂರ ಹೋಗೋರಿಗೆ ಹೊಳೆಆಲೂರಿನಿಂದ ಬಾದಾಮಿಗೆ ರೈಲು ಇದೆ. ಸ್ಟೇಷನ್ನಿಂದ ಊರು ಐದು ಕಿ.ಮೀ. ಆಗ್ತದ, ಅಲ್ಲಿ ಚೀಲದ ತೂಕ ಗೊತ್ತಾಗ್ತದ. ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಮೂರು ಕಾಲಿನ ಸ್ಟ್ಯಾಂಡ್ ಹಾಕೋ ಮುಂಚೆ ಅಲ್ಲಿಯ ಸಿಬ್ಬಂದಿಯನ್ನ ಕೇಳ್ರಿ. ತೊಡಿ ಮ್ಯಾಲೆ ಪ್ಯಾಡ್ ಇಟ್ಟು ಬರೆಯೋರನ್ನ ನನಗೆ ಇಲ್ಲಿತನಕ ಯಾರೂ ಎಬ್ಬಿಸಿಲ್ಲ. ಹೊಲದಾಗಾದರೆ ಹೊಲದವರನ್ನ ಕೇಳಿ ಬದುವಿನ ಮ್ಯಾಲೆ ಕೂರಬೇಕು, ಕೂರೋ ಮುಂಚೆ ಗೋಣಿಚೀಲ ಹಾಸಬೇಕು. ಜಾಲಿ ಮುಳ್ಳು, ಚೇಳು ಎರಡಕ್ಕೂ ಅದೇ ರಕ್ಷಣೆ.

ಮಾರ್ಗದರ್ಶನ ಬೇಕಾದವರು ಬಹಳ ದೂರ ಹೋಗಬೇಕಿಲ್ಲ. ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ ಗದಗದಲ್ಲೇ ಇದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾ ಶಾಲೆಯ ಪರಂಪರೆ ಇದೆ. ಪ್ರವೇಶಕ್ಕೆ ಹೋಗುವಾಗ ಮನಿಯಾಗ ಫೋಟೋ ನೋಡಿ ಬರೆದ ಹತ್ತು ಚಿತ್ರಕ್ಕಿಂತ ಹೊರಗ ಕುಂತು ಬರೆದ ನಾಲ್ಕು ಒಯ್ಯೋದು ಮೇಲು ಅಂತ ನನ್ನ ಅನಿಸಿಕೆ.

ಆ ಹುಡುಗಿಗೆ ಹೋದ ವಾರ ಎಂಟು ತುಂಡು ಹಾಳೆ, ಎರಡು ಕ್ಲಿಪ್ ಕೊಟ್ಟು ಬಂದೆ. ಪರೀಕ್ಷಾ ಪ್ಯಾಡ್ ಅವರ ಮನೆಯಲ್ಲೇ ಇತ್ತು. ಈಸಲ್ ಪೆಟ್ಟಿಗೆಯ ಸ್ಕ್ರೂ ಕೂರಿಸಲು ಬಡಿಗೇರರಿಗೆ ಹೇಳಿದ್ದೇವೆ. ರಿಪೇರಿ ಆದರೆ ಅವರ ಅಪ್ಪ ಅದನ್ನ ಮಾರುವವರಿದ್ದಾರೆ. ಮನೆಯೊಳಗೆ ನಿಂತು ಬರೆಯೋರಿಗೆ ಅದು ಒಳ್ಳೆ ಸಾಮಾನೇ.